ಗೃಹಕೃತ್ಯ ವಿಚಾರ: ಪಂಪಿನ ಸಪ್ಪಳ

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಎರಡು ಒಂದೇ ವಿಷಯವನ್ನು ಕುರಿತವು. ಮೊದಲನೆಯದು ಮಾನ್ವಿಯ ಗೃಹಿಣಿಯೊಬ್ಬರದು. ಸಂಪಿನಿಂದ ಮಾಳಿಗೆಯ ಮೇಲಣ ತೊಟ್ಟಿಗೆ ನೀರೆತ್ತುವ ಅವರ ಮನೆಯ ಪಂಪು ಹದಿನೈದು ದಿನಗಳಿಂದ ವಿಪರೀತವಾಗಿ ಸಪ್ಪಳ ಮಾಡುತ್ತಿರುವುದಂತೆ. ಹೊಸದನ್ನು ಕೊಳ್ಳಬೇಕೇ, ಹಳೆಯದನ್ನೇ ಇನ್ನಷ್ಟು ದಿನ ನಡೆಯಿಸಬಹುದೇ ಎಂದು ಕೇಳಿರುವರು. ಎರಡನೆಯದು ಪರದೇಶದಲ್ಲಿ ನೆಲಸಿರುವ ನಮ್ಮ ಸೀಮೆಯ ಕುಟುಂಬವೊಂದರದು. ಹಾಸಿಗೆ, ಒಲೆ, ನೀರಿನ ತೊಟ್ಟಿ ಇವೆಲ್ಲವನ್ನೂ ಒಳಗೇ ಅಳವಡಿಸಿದ ಮನೆಬಂಡಿಯಲ್ಲಿ ಅವರು ರಜೆಯ ದಿನಗಳಲ್ಲಿ ಸಂಚಾರ ಹೋಗುವರು. ಇದಕ್ಕೆ ಅಲ್ಲಿ ಕ್ಯಾಂಪರ್ ವ್ಯಾನ್ ಎಂದು ಹೆಸರು. ಆ ಬಂಡಿಯೊಳಗಿನ ಗೇಣುದ್ದದ ಪಂಪು ನಡುರಾತ್ರಿಯಲ್ಲಿ ತಾನಾಗಿಯೇ ಟಕಟಕನೆ ಸದ್ದು ಮಾಡಿ ಮಕ್ಕಳ ನಿದ್ರೆಯನ್ನು ಕೆಡಿಸುತ್ತದೆಂದು ಬರೆದಿರುವರು.

ಈ ಎರಡು ಯಂತ್ರಗಳೂ ಗಾತ್ರದಲ್ಲಿ ಬೇರೆ, ರಚನೆಯಲ್ಲಿಯೂ ಬೇರೆ. ಆದರೂ ಎರಡಕ್ಕೂ ನಮ್ಮ ಉತ್ತರವು ಬಹುಮಟ್ಟಿಗೆ ಒಂದೇ ಆಗಿರುವುದು. ಅದನ್ನು ನಾವು ಪುಸ್ತಕದಿಂದ ಕಲಿಯುವುದಕ್ಕೆ ಮೊದಲು ನಮ್ಮ ದೇವದುರ್ಗದ ಮನೆಯಲ್ಲಿ, ನಮ್ಮ ತಾಯಿಯವರಿಂದ ಕಲಿತೆವು. ಆದಕಾರಣ ಅಲ್ಲಿಂದಲೇ ಆರಂಭಿಸುವೆವು.

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಅರ್ಧ ಎಚ್.ಪಿ. ಪಂಪು ಇದ್ದಕ್ಕಿದ್ದಂತೆ ಗರಗರನೆ ಕೂಗಲಾರಂಭಿಸಿತು. ಡಬ್ಬಿಯೊಳಗೆ ಹರಳು ಹಾಕಿ ಅಲ್ಲಾಡಿಸಿದಂತಹ ಸದ್ದು. ಮನೆಯಲ್ಲಿ ಬಾಣಂತಿಯೂ ಇಪ್ಪತ್ತು ದಿನದ ಕೂಸೂ ಇದ್ದ ಕಾಲವದು. ನಳದ ನೀರು ದಿನಬಿಟ್ಟು ದಿನವೂ ಬಾರದಿದ್ದ ಆ ದಿನಗಳಲ್ಲಿ ಪಂಪು ನಿಂತರೆ ಎರೆಯುವ ನೀರಿಗೂ ಕೊಡ ಹೊರಬೇಕಾಗುತ್ತಿತ್ತು. ನಡೆಯಿಸಿದರೆ ಕೂಸು ಬೆಚ್ಚಿ ಬೀಳುತ್ತಿತ್ತು. ನಾವು ಮಾಡಿದ ಮೊದಲ ಕೆಲಸವು ಎಲ್ಲರೂ ಮಾಡುವಂತಹದೇ. ಪಂಪಿನ ಬೋಲ್ಟುಗಳನ್ನು ಬಿಗಿದು, ಅದರ ಅಡಿಗೆ ಹಳೆಯ ಟೈರಿನ ತುಂಡುಗಳನ್ನಿಟ್ಟೆವು. ಸಪ್ಪಳವು ಅರ್ಧಕ್ಕೆ ಇಳಿಯಿತು. ನಾವು ಸಂತೋಷಪಟ್ಟೆವು. ಹತ್ತು ದಿನಗಳಲ್ಲಿ ತೊಟ್ಟಿ ತುಂಬುವುದಕ್ಕೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯತೊಡಗಿತು. ಕರೆತಂದ ಕೆಲಸಗಾರನು ಒಂದು ನಿಮಿಷ ಕೇಳಿ, ಪಂಪು ಮುದಿಯಾಯಿತು, ಹೊಸದೇ ಬೇಕೆಂದನು. ನಾವೂ ಹಣ ಹೊಂದಿಸಲು ಹೊರಟಿದ್ದೆವು.

ಆಗ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದ ನಮ್ಮ ತಾಯಿಯವರು, “ತಮ್ಮಾ, ಮುಂಜಾನಿ ಸಪ್ಪಳ ಇರಂಗಿಲ್ಲ, ಹೊತ್ತೇರಿದ ಮ್ಯಾಲಷ್ಟೇ ಕೂಗ್ತದ. ವಯಸ್ಸಾಗಿ ನರಳಾದಾಗಿದ್ರ ಎರಡೂ ಹೊತ್ತು ನರಳಬೇಕಿತ್ತಲ್ಲ?” ಎಂದರು.

ಯಂತ್ರವನ್ನು ಕುರಿತು ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾವು ಕೇಳಿಲ್ಲ. ಸವೆದ ಅಂಗವು ಹೊತ್ತು ನೋಡಿ ಸವೆಯುವುದಿಲ್ಲ. ಮುಂಜಾನೆಗೂ ಮಧ್ಯಾಹ್ನಕ್ಕೂ ಬದಲಾದುದೇನೆಂದು ವಿಚಾರಿಸಿದಾಗ ಎರಡು ಸಂಗತಿಗಳು ಕಂಡವು. ಒಂದು, ಮಧ್ಯಾಹ್ನಕ್ಕೆ ಸಂಪಿನ ನೀರು ಕೆಳಗಿಳಿದಿರುತ್ತಿತ್ತು. ಎರಡು, ಸಂಪಿನಿಂದ ಪಂಪಿಗೆ ಬರುವ ಹೀರುಗೊಳವೆಯು ಬಿಸಿಲಿಗೆ ಕಾದಿರುತ್ತಿತ್ತು. ವಿದ್ಯುತ್ತನ್ನು ನಿಲ್ಲಿಸಿ, ಆ ಕೊಳವೆಯ ಕೂಡುಗಂಟಿಗೆ ಸಾಬೂನಿನ ನೀರಿನಲ್ಲಿ ನೆನೆಯಿಸಿದ ಅರಿವೆಯನ್ನು ಬಿಗಿಯಾಗಿ ಸುತ್ತಿ, ಕೈ ಒರಸಿಕೊಂಡು ದೂರ ನಿಂತು ಮತ್ತೆ ನಡೆಯಿಸಿದೆವು. ಗರಗರವು ನಿಂತಿತು. ಗಂಟಿನೊಳಗಿನ ರಬ್ಬರಿನ ಬಳೆಯು ಒಣಗಿ ಸೀಳಿತ್ತು. ಆ ಸೀಳಿನಿಂದ ಪಂಪು ನೀರಿನೊಡನೆ ಗಾಳಿಯನ್ನೂ ಹೀರುತ್ತಿತ್ತು. ಹೊಸ ಬಳೆಗೆ ತಗುಲಿದ ವೆಚ್ಚ ಎರಡು ಕಪ್ಪು ಚಹಾಕ್ಕೆ ಆಗುವಷ್ಟು.

ಇದರಿಂದ ನಾವು ಕಲಿತುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಪಂಪಿನ ಸಪ್ಪಳವನ್ನು ಅಡಗಿಸುವುದು ಬೇರೆ, ತೀರಿಸುವುದು ಬೇರೆ. ಟೈರಿನ ತುಂಡು ಸಪ್ಪಳವನ್ನು ಅಡಗಿಸಿತು. ರೋಗವು ಒಳಗೇ ಬೆಳೆಯಿತು. ಸಪ್ಪಳವೆಂಬುದು ಯಂತ್ರವು ನಮ್ಮೊಡನೆ ಆಡುವ ಮಾತು. ಬಹುಪಾಲು ಸಂದರ್ಭಗಳಲ್ಲಿ ಆ ಮಾತಿನ ಅರ್ಥವು “ನನಗೆ ಮುಪ್ಪಾಯಿತು” ಎಂದಲ್ಲ, “ನನಗೆ ಹಸಿವಾಗಿದೆ” ಎಂದು.

ಹಸಿವೆಂದರೇನು? ಪಂಪು ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆಂದು ಸಾಮಾನ್ಯವಾಗಿ ತಿಳಿಯುವೆವು. ಅದು ನಿಜವಲ್ಲ. ಇಟಲಿಯ ಪಂಪುಗಾರರು ಎಷ್ಟು ಪ್ರಯತ್ನಪಟ್ಟರೂ ಹೀರುವ ಪಂಪಿನಿಂದ ನೀರನ್ನು ಸುಮಾರು 34 ಅಡಿಗಿಂತ ಮೇಲೆ ತರಲಾರದೆ ಹೋದರು. ಗೆಲಿಲಿಯೋವಿನ ಶಿಷ್ಯನಾದ ಟಾರಿಚೆಲ್ಲಿಯು 1643ರ ಸುಮಾರಿನಲ್ಲಿ ಇದರ ಕಾರಣವನ್ನು ಪಾದರಸದ ನಳಿಗೆಯಿಂದ ತೋರಿಸಿದನು. ನಮ್ಮ ಮೇಲಿರುವ ಗಾಳಿಯ ಭಾರವೇ ಸಂಪಿನ ನೀರನ್ನು ಒತ್ತಿ ಕೊಳವೆಯೊಳಕ್ಕೆ ಏರಿಸುವುದು; ಪಂಪು ಮಾಡುವುದು ತನ್ನ ಬಾಯಲ್ಲಿ ಒತ್ತಡವನ್ನು ತಗ್ಗಿಸಿ ದಾರಿ ಬಿಡುವುದಷ್ಟೇ. ಗಾಳಿಯ ಭಾರಕ್ಕೆ ಮಿತಿ ಇರುವುದರಿಂದ ನೀರಿನ ಏರಿಕೆಗೂ ಮಿತಿ ಇರುವುದು.

ಸಮುದ್ರದ ಮಟ್ಟದಲ್ಲಿ ಆ ಮಿತಿ 34 ಅಡಿ. ನಮ್ಮ ರಾಯಚೂರು ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ಅದು 32 ಅಡಿಯಷ್ಟು. ಇದರಲ್ಲಿ ಬಿಸಿಲು ತನ್ನ ಪಾಲನ್ನು ಕಿತ್ತುಕೊಳ್ಳುವುದು. 25 ಡಿಗ್ರಿಯ ನೀರು ಆವಿಯಾಗುವ ತನ್ನ ಸ್ವಭಾವದಿಂದ ಈ ಲೆಕ್ಕದಲ್ಲಿ ಸುಮಾರು ಒಂದಡಿಯನ್ನು ಕಳೆಯುತ್ತದೆ. 40 ಡಿಗ್ರಿಗೆ ಕಾದ ನೀರು ಎರಡೂವರೆ ಅಡಿಯನ್ನು ಕಳೆಯುತ್ತದೆ. ಕೊಳವೆಯ ಘರ್ಷಣೆ, ಮೊಣಕೈ ತಿರುವು, ಜಾಲರಿಯ ಕಸ ಇವುಗಳ ತೆರಿಗೆ ಬೇರೆ. ಎಲ್ಲವನ್ನೂ ಕಳೆದು ಮನೆಯ ಪಂಪಿಗೆ ಉಳಿಯುವುದು 20 ಅಡಿಯ ಆಸುಪಾಸು. ಅದನ್ನು ಮೀರಿದರೆ ಪಂಪಿನ ಬಾಯಲ್ಲಿ ಒತ್ತಡವು ತೀರ ಕುಗ್ಗಿ, ನೀರು ಕಾಯದೆಯೇ ಕುದಿದಂತೆ ಅದರಲ್ಲಿ ಆವಿಯ ಗುಳ್ಳೆಗಳೇಳುವುವು. ಅವು ಒಳಗಣ ಚಕ್ರವನ್ನು ದಾಟುತ್ತಲೇ ಮತ್ತೆ ಒತ್ತಡಕ್ಕೆ ಸಿಕ್ಕಿ ಪಟಪಟನೆ ಒಡೆಯುವುವು. ಹರಳಿನ ಸದ್ದು ಅದೇ. ಒಂದೊಂದು ಗುಳ್ಳೆಯ ಪೆಟ್ಟು ಅತ್ಯಲ್ಪವಾದರೂ, ತಿಂಗಳುಗಟ್ಟಲೆ ಬಿದ್ದರೆ ಲೋಹದ ಚಕ್ರವೂ ಗೆದ್ದಲು ತಿಂದ ಹಲಗೆಯಂತಾಗುವುದು.

ಇನ್ನು ಪರೀಕ್ಷೆಯ ಕ್ರಮವನ್ನು ಹೇಳುವೆವು. ಕೈ ಹಚ್ಚುವ ಮೊದಲು ಕಿವಿಗೊಟ್ಟು ಕೇಳತಕ್ಕದ್ದು. ಸಪ್ಪಳವು ಯಾವಾಗ ಹುಟ್ಟುವುದು, ಎಂತಹದು, ನೀರು ಎಷ್ಟು ಬರುವುದು ಎಂಬ ಮೂರನ್ನು ಎರಡು ದಿನ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹರಳಿನ ಸದ್ದಿದ್ದು ನೀರು ಕಡಿಮೆಯಾಗಿದ್ದರೆ, ದೋಷವು ಹೀರುವ ಕಡೆಯದು. ಸಂಪಿನ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಬೇಕು. ಕೊಳವೆಯ ತುದಿಯ ಫುಟ್‌ವಾಲ್ವಿನ ಮೇಲೆ ಒಂದಡಿಯಾದರೂ ನೀರಿರಬೇಕು. ಇಲ್ಲದಿದ್ದರೆ ಸುಳಿ ಎದ್ದು ಗಾಳಿಯು ನುಗ್ಗುವುದು. ತಳದ ರಾಡಿಯನ್ನು ಹೀರದಂತೆ ಫುಟ್‌ವಾಲ್ವು ತಳಕ್ಕಿಂತ ಗೇಣಷ್ಟು ಮೇಲಿರಬೇಕು. ಜಾಲರಿಯಲ್ಲಿ ಪಾಚಿ, ಕೂದಲು, ಪ್ಲಾಸ್ಟಿಕ್ಕಿನ ಚೂರು ಸಿಕ್ಕಿವೆಯೇ ನೋಡಬೇಕು. ಹೀರುಗೊಳವೆಯು ಪಂಪಿನ ಬಾಯಿಗಿಂತ ಸಣ್ಣದಿರಕೂಡದು. ಸಂಪಿನಿಂದ ಪಂಪಿನವರೆಗೆ ಒಂದೇ ಏರಿಕೆಯಲ್ಲಿರಬೇಕು. ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿದ್ದರೆ ಅಲ್ಲಿ ಗಾಳಿಯು ಮನೆಮಾಡಿಕೊಳ್ಳುವುದು.

ಗಾಳಿಯ ಸೋರಿಕೆಗೆ ಇನ್ನೊಂದು ಗುರುತುಂಟು. ಮೇಲಣ ತೊಟ್ಟಿಗೆ ಬೀಳುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿರಿ. ಅದು ಹಾಲಿನಂತೆ ಬೆಳ್ಳಗಿದ್ದು, ಸ್ವಲ್ಪ ಹೊತ್ತಿನಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಒಳಗಿದ್ದುದು ಗಾಳಿ. ಮಣ್ಣಾಗಿದ್ದರೆ ತಳಕ್ಕೆ ಇಳಿದು ಮೇಲಿನಿಂದ ತಿಳಿಯಾಗುವುದು. ಪ್ರತಿ ಮುಂಜಾನೆ ಪಂಪಿಗೆ ಕೈಯಿಂದ ನೀರು ತುಂಬಬೇಕಾಗಿ ಬಂದರೆ ಫುಟ್‌ವಾಲ್ವು ಸೋರುತ್ತಿರುವುದೆಂದು ತಿಳಿಯತಕ್ಕದ್ದು. ಪಂಪನ್ನು ನಿಲ್ಲಿಸಿ, ನೀರು ತುಂಬುವ ಬಾಯಿಯವರೆಗೆ ತುಂಬಿ, ಹತ್ತು ನಿಮಿಷ ಕಾದು ನೋಡಿದರೆ ನೀರು ಇಳಿಯುವುದೋ ನಿಲ್ಲುವುದೋ ಕಣ್ಣಿಗೇ ಕಾಣುವುದು.

ನೀರು ತುಂಬ ಬರುತ್ತಿದ್ದು, ಸಪ್ಪಳವು ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿ ಕಿರ್ರೆನ್ನುತ್ತಿದ್ದರೆ ಅದು ಬೇರಿಂಗಿನ ನರಳಾಟ. ಒಣಗಿದ ಕಟ್ಟಿಗೆಯ ಕೋಲಿನ ಒಂದು ತುದಿಯನ್ನು ಮೋಟಾರಿನ ಮೈಗೆ, ತಿರುಗುವ ಭಾಗಕ್ಕೆ ತಾಗದಂತೆ ಇಟ್ಟು, ಇನ್ನೊಂದಕ್ಕೆ ಕಿವಿಗೊಟ್ಟರೆ ವೈದ್ಯನ ನಳಿಗೆಯಂತೆ ಅದು ಸ್ಥಳವನ್ನು ತೋರಿಸುವುದು. ಪಂಪಿಗೂ ಮೋಟಾರಿಗೂ ನಡುವಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಿದೆಯೇ ಎಂಬುದನ್ನೂ ನೋಡಬೇಕು. ಅಲ್ಲಿನ ಸೀಲು ಸವೆದು ನೀರು ಬೇರಿಂಗಿಗೆ ಇಳಿದು ತುಕ್ಕು ಹಿಡಿಸುವುದುಂಟು. ಸೀಲನ್ನು ಬದಲಿಸದೆ ಬೇರಿಂಗನ್ನು ಮಾತ್ರ ಬದಲಿಸಿದರೆ ಆರು ತಿಂಗಳಲ್ಲಿ ಮತ್ತದೇ ಗೋಳು. ಇದು ಕುಶಲನಾದ ಕೆಲಸಗಾರನು ಮಾಡತಕ್ಕ ಕೆಲಸ.

ಪಂಪು ತಿರುಗದೆ ಗುಂಯ್ ಎಂದು ಗುನುಗುತ್ತ ನಿಂತರೆ ತಕ್ಷಣವೇ ಗುಂಡಿಯನ್ನು ಆರಿಸತಕ್ಕದ್ದು. ವಿದ್ಯುತ್ತಿನ ಒತ್ತಡವು 230 ವೋಲ್ಟಿಗೆ ಬಹಳ ಕಡಿಮೆಯಾಗಿರಬಹುದು, ಕೆಪಾಸಿಟರು ಕೆಟ್ಟಿರಬಹುದು, ಅಥವಾ ಒಳಗಣ ಚಕ್ರವು ತುಕ್ಕಿನಿಂದ ಹಿಡಿದಿರಬಹುದು. ಹಾಗೆಯೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಮೋಟಾರಿನ ಸುರುಳಿಯು ಸುಟ್ಟುಹೋಗುವುದು. ಕೆಪಾಸಿಟರನ್ನು ತಾವೇ ಮುಟ್ಟಕೂಡದು; ವಿದ್ಯುತ್ತು ನಿಂತ ಮೇಲೆಯೂ ಅದು ಪೆಟ್ಟು ಕೊಡಬಲ್ಲುದು.

ಇವೆಲ್ಲವೂ ಸರಿಯಿದ್ದು, ಕೊಳವೆಯನ್ನು ಕೈಯಿಂದ ಒತ್ತಿ ಹಿಡಿದರೆ ಸದ್ದು ತಗ್ಗುವುದಾದರೆ, ಅದು ಕೇವಲ ನಡುಕ. ಆಗ, ಆಗ ಮಾತ್ರ, ಬೋಲ್ಟು ಬಿಗಿಯುವುದೂ ಅಡಿಗೆ ರಬ್ಬರು ಇಡುವುದೂ ಸರಿಯಾದ ಚಿಕಿತ್ಸೆಯಾಗುವುದು.

ಮಾನ್ವಿಯ ಸೋದರಿಯವರು ಪಂಪನ್ನು ಕೊಳ್ಳುವ ಮೊದಲು ಈ ಕ್ರಮದಲ್ಲಿ ನೋಡಲಿ. ಇನ್ನು ಮನೆಬಂಡಿಯ ಪಂಪಿನ ವಿಷಯ. ಅದರಲ್ಲಿ ತಿರುಗುವ ಚಕ್ರವಿಲ್ಲ. ರಬ್ಬರಿನ ಪೊರೆಯೊಂದು ಎದೆಯಂತೆ ಉಬ್ಬಿ ತಗ್ಗಿ ನೀರನ್ನು ತಳ್ಳುವುದು. ಬಂಡಿಯ 12 ವೋಲ್ಟಿನ ಬ್ಯಾಟರಿ ಅದಕ್ಕೆ ಆಧಾರ. ನಲ್ಲಿ ತೆರೆದು ಒತ್ತಡ ಇಳಿದೊಡನೆ ತಾನೇ ಹೊರಡುವುದು, ಮುಚ್ಚಿ ಒತ್ತಡ ಏರಿದೊಡನೆ ತಾನೇ ನಿಲ್ಲುವುದು. ನಮ್ಮ ಕಡೆ ಇದರ ದಾಯಾದಿಯನ್ನು ನೋಡಬೇಕಾದರೆ ಅಡುಗೆಮನೆಯ ಆರ್.ಓ. ಯಂತ್ರವನ್ನು ತೆರೆದು ನೋಡಬಹುದು. ರಾಯಚೂರು ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದರಿಂದ ಅದು ಮನೆಮನೆಗೂ ಬಂದಿರುವುದು. ಅದರೊಳಗಿನ ಚಿಕ್ಕ ಪಂಪೂ ಪೊರೆಯದೇ. ಮೊದಲನೆಯ ಸೋಸುಗವು ಕೆಸರಿನಿಂದ ಕಟ್ಟಿಕೊಂಡರೆ ಅದು ಹಸಿದು ಗೊರಗುಟ್ಟುವುದು. ಸೋಸುಗವನ್ನು ಬದಲಿಸಿದರೆ ಶಾಂತವಾಗುವುದು.

ನಲ್ಲಿಗಳೆಲ್ಲ ಮುಚ್ಚಿರುವಾಗ ಬಂಡಿಯ ಪಂಪು ರಾತ್ರಿ ಒಂದೊಂದು ಸಲ ಟಕ್ಕೆಂದು ಹೊರಟು ನಿಂತರೆ, ಎಲ್ಲಿಯೋ ಒತ್ತಡವು ಸೋರುತ್ತಿದೆ. ತೊಟ್ಟಿಕ್ಕುವ ನಲ್ಲಿ, ಸಡಿಲಾದ ಗಂಟು, ಇಲ್ಲವೆ ಪಂಪಿನೊಳಗಣ ಕವಾಟದಿಂದ ನೀರು ತೊಟ್ಟಿಗೆ ಹಿಂದಿರುಗುವುದು ಇದಕ್ಕೆ ಕಾರಣ. ಒಣಗಿದ ಕಾಗದವನ್ನು ಪ್ರತಿ ಗಂಟಿನಡಿ ಹಾಸಿ ಮುಂಜಾನೆ ನೋಡಿದರೆ ಹೊರಗಿನ ಸೋರಿಕೆ ಸಿಕ್ಕೀತು. ಪಂಪು ನಿಲ್ಲದೆ ಓಡುತ್ತಲೇ ಇದ್ದರೆ ತೊಟ್ಟಿ ಬರಿದಾಗಿದೆ, ಅಥವಾ ಅದರ ಮುಂದಿರುವ ಜಾಲರಿಯ ಬಟ್ಟಲಿನಿಂದ ಗಾಳಿಯು ಸೇರುತ್ತಿದೆ. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಆ ಬಟ್ಟಲನ್ನು ಬಿರಿಯಿಸುವುದು ಸಾಮಾನ್ಯ. ನಲ್ಲಿಯನ್ನು ಸ್ವಲ್ಪವೇ ತೆರೆದಾಗ ಪಂಪು ಬಿಟ್ಟುಬಿಟ್ಟು ಬಡಿದುಕೊಂಡರೆ, ಕೊಳವೆಗೆ ಒತ್ತಡ ಕಾಯುವ ಪುಟ್ಟ ಗಾಳಿತುಂಬಿದ ಪಾತ್ರೆಯನ್ನು ಸೇರಿಸಿದರೆ ಸಮಾಧಾನವಾಗುವುದು. ಕೊನೆಯದಾಗಿ, ತೆಳುವಾದ ಹಲಗೆಗೆ ಬಿಗಿದ ಪಂಪು ಹಲಗೆಯನ್ನೇ ಡೋಲು ಮಾಡಿಕೊಳ್ಳುವುದು. ಅದರ ಕಾಲಿಗೆ ಮೆತ್ತನೆಯ ರಬ್ಬರು, ಎರಡು ಕಡೆಗೂ ಮೊಳದಷ್ಟು ಬಾಗುವ ಕೊಳವೆ ಇದ್ದರೆ ಸದ್ದು ಬಂಡಿಯ ಮೈಗೆ ಹರಡದು.

ಹಸಿದ ಪಂಪಿನ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆವು. ನಮ್ಮ ಊರುಗಳಲ್ಲಿ ಕೆಲವರು ಸಂಪಿನ ಗೊಡವೆಗೆ ಹೋಗದೆ ಬೀದಿಯ ನಳಕ್ಕೇ ಪಂಪನ್ನು ಹಚ್ಚಿ ನೀರೆಳೆಯುವರು. ಇದು ನೆರೆಯವರ ಪಾಲನ್ನು ಕಸಿದುಕೊಳ್ಳುವುದೆಂದು ಎಲ್ಲರೂ ಬಲ್ಲರು. ಅದಕ್ಕಿಂತ ದೊಡ್ಡ ಕೇಡೊಂದು ಕಣ್ಣಿಗೆ ಕಾಣದು. ಕೊಳವೆಯಲ್ಲಿ ನೀರು ಸಾಲದಿರುವಾಗ ಪಂಪು ಎಳೆದರೆ ಅದರೊಳಗಣ ಒತ್ತಡವು ಹೊರಗಿಗಿಂತ ಕಡಿಮೆಯಾಗುವುದು. ಆಗ ಆ ಕೊಳವೆಗೆ ಎಲ್ಲಿಯಾದರೂ ಚರಂಡಿಯ ಪಕ್ಕದಲ್ಲಿ ಬಿರುಕಿದ್ದರೆ, ಹೊರಗಿನ ಕೊಳಕು ಒಳಕ್ಕೆ ಸೇರುವುದು. ನಮ್ಮ ಮನೆಯ ಗಂಟಿನ ಸೀಳಿನಿಂದ ಗಾಳಿಯು ಒಳಸೇರಿದಂತೆಯೇ ಇದು. ಹಸಿದ ಪಂಪು ಸಿಕ್ಕಿದ್ದನ್ನು ಕುಡಿಯುವುದು. ಕುಡಿದುದನ್ನು ನಮಗೇ ಕುಡಿಸುವುದು.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ನೀರಿನಿಂದ ಜನರು ಪ್ರಾಣ ಕಳೆದುಕೊಂಡುದನ್ನು ಈ ಸೀಮೆಯವರು ಮರೆತಿಲ್ಲ. 2023ರ ಮೇ ತಿಂಗಳಲ್ಲಿ ನಮ್ಮ ತಾಲೂಕಿನ ರೇಕಲಮರಡಿಯಲ್ಲಿಯೂ ಅಂತಹ ಸಂಕಟ ಬಂದು ಎಳೆಯ ಜೀವವೊಂದು ಹೋಯಿತು. ಅವುಗಳಿಗೆ ಮನೆಯ ಪಂಪುಗಳು ಕಾರಣವಾದುವೆಂದು ನಾವು ಹೇಳುತ್ತಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಎರಡು ಮಹಾನದಿಗಳ ನಡುವೆ ಬಾಳುವ ಜಿಲ್ಲೆಯಲ್ಲಿ ಒಂದು ಲೋಟ ನೀರಿಗೆ ಹೆದರಬೇಕಾಗಿ ಬಂದ ಮೇಲೆ, ನಮ್ಮ ಕೈಯಲ್ಲಿರುವ ದಾರಿಯನ್ನಾದರೂ ನಾವು ಮುಚ್ಚಬೇಡವೇ ಎಂಬುದಷ್ಟೇ ನಮ್ಮ ಮಾತು. ನಳದ ನೀರು ತಾನಾಗಿ ಸಂಪಿಗೆ ಬೀಳಲಿ. ಪಂಪು ಸಂಪಿನಿಂದ ಎತ್ತಲಿ. ಕುಡಿಯುವ ನೀರನ್ನು ಕಾಯಿಸಿ ಆರಿಸಿ ಕುಡಿಯೋಣ.

ಎಚ್ಚರಿಕೆಯ ಎರಡು ಮಾತುಗಳು. ಪಂಪನ್ನು ಮುಟ್ಟುವ ಮುನ್ನ ಗುಂಡಿಯನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೂ ಕೀಳತಕ್ಕದ್ದು. ಪಂಪಿಗೆ ಸರಿಯಾದ ಅರ್ಥಿಂಗ್ ಇರಲೇಬೇಕು. ಎರಡನೆಯದು, ಬಹುದಿನ ಮುಚ್ಚಿದ್ದ ಸಂಪಿನೊಳಕ್ಕೆ ಒಬ್ಬರೇ ಇಳಿಯಕೂಡದು. ಒಳಗೆ ಪ್ರಾಣವಾಯು ಕಡಿಮೆಯಿದ್ದು, ಇಳಿದವರೂ ಅವರನ್ನು ಎತ್ತಲು ಹೋದವರೂ ಒಟ್ಟಿಗೆ ಪ್ರಾಣ ಬಿಟ್ಟ ಪ್ರಸಂಗಗಳುಂಟು. ಫುಟ್‌ವಾಲ್ವನ್ನು ಕೊಳವೆಯೊಡನೆ ಮೇಲಕ್ಕೆ ಎತ್ತಿ ನೋಡಬಹುದಲ್ಲದೆ ನಾವು ಕೆಳಗಿಳಿಯಬೇಕಾದುದಿಲ್ಲ.

ನಮ್ಮ ಪಂಪು ಈಗಲೂ ಅದೇ. ಹೀರುಗೊಳವೆಗೆ ಬಿಸಿಲು ತಾಗದಂತೆ ಒಂದು ಹಳೆಯ ತಗಡನ್ನು ಮರೆಮಾಡಿರುವೆವು. ಸಂಪು ಅರ್ಧಕ್ಕಿಳಿಯುವ ಮೊದಲೇ, ತಂಪು ಹೊತ್ತಿನಲ್ಲಿ, ತೊಟ್ಟಿಯನ್ನು ತುಂಬಿಕೊಳ್ಳುವೆವು. ಕೂಸು ಈಗ ಅಂಬೆಗಾಲಿಕ್ಕುತ್ತ ಪಂಪಿನ ಮನೆಯವರೆಗೆ ಹೋಗುವುದು, ಅದರ ಬಾಗಿಲಿಗೆ ಚಿಲಕ ಬಿದ್ದಿರುವುದು. ಸದ್ದಿನಲ್ಲಿ ಏನಾದರೂ ವ್ಯತ್ಯಾಸವಾದರೆ ನಾವು ಪಾನಾ ಹುಡುಕುವುದಿಲ್ಲ. ಮೊದಲು ನಮ್ಮ ತಾಯಿಯವರನ್ನು ಕೇಳುವೆವು. ದಿನವೆಲ್ಲ ಮನೆಯ ಸದ್ದುಗಳ ನಡುವೆ ಇರುವವರಿಗೆ ಯಾವುದು ಹಳೆಯ ದನಿ, ಯಾವುದು ಹೊಸತು ಎಂಬುದು ಬೇಗ ತಿಳಿಯುವುದು. ನಮ್ಮ ವಾಚಕರ ಮನೆಗಳಲ್ಲಿಯೂ ಅಂತಹ ಕಿವಿಯೊಂದು ಇದ್ದೇ ಇರುವುದು. ಕೆಲಸಗಾರನನ್ನು ಕರೆಯುವ ಮುನ್ನ ಅವರನ್ನೊಮ್ಮೆ ವಿಚಾರಿಸಿರೆಂದು ಅರಿಕೆ ಮಾಡಿಕೊಳ್ಳುವೆವು.